ಸ್ವಿಫ್ಟ್ ಬಾಗಿಲಿಗೆ ಸ್ಪೀಕರ್ ರಿಂಗ್ ಮಾಡಿಸಬೇಕು: ಎಂಡಿಎಫ್ಫಾ, ಪ್ಲೈವುಡ್ಡಾ?

ಘಾಟ್_ಸ್ವಿಫ್ಟ್ (ಸಕಲೇಶಪುರ)
ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಸ್ವಿಫ್ಟ್. ಕಂಪನಿಯ ಸ್ಪೀಕರ್ ತೆಗೆಸಿ ಮುಂದಿನ ಎರಡೂ ಬಾಗಿಲಿಗೆ ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್ (ದೊಡ್ಡ ಸ್ಪೀಕರ್ ಬೇರೆ, ತೆಳು ದನಿಯ ಟ್ವೀಟರ್ ಬೇರೆ) ಹಾಕಿಸಿದ್ದೇನೆ. ಟ್ವೀಟರ್ ಚೆನ್ನಾಗಿದೆ, ಹಾಡುವವರ ದನಿ ಸ್ಪಷ್ಟವಾಗಿದೆ. ಆದರೆ ತಬಲಾದ ಡಗ್ಗ, ಡೊಳ್ಳು ಇವೆಲ್ಲ ಹಳೇ ಸ್ಪೀಕರಿಗಿಂತ ಕಡಿಮೆ ಕೇಳುತ್ತಿವೆ. ವಾಲ್ಯೂಮ್ ಏರಿಸಿದರೆ ಡೋರ್ ಪ್ಯಾಡ್ ಗರ್ರ್ ಅನ್ನುತ್ತೆ.

ಪ್ಯಾಡ್ ಬಿಚ್ಚಿ ನೋಡಿದೆ. ಹಳೇ ಸ್ಪೀಕರಿಗೆ ಪ್ಲಾಸ್ಟಿಕ್ಕಿನ ಎತ್ತರದ ಕಟ್ಟು ಇತ್ತು, ಸ್ಪೀಕರೂ ಕಟ್ಟೂ ಒಂದೇ ಅಚ್ಚು. ಹೊಸದಕ್ಕೆ ಅದಿಲ್ಲ. ನೇರ ಕೂರಿಸಿದರೆ ಗ್ಲಾಸಿಗೆ ತಗಲುತ್ತೆ ಅಂತ ಅಂಗಡಿಯವರು ಸ್ಕ್ರೂ ಅಡಿಗೆ ವಾಷರ್ ಪೇರಿಸಿ ಎತ್ತಿದ್ದಾರೆ. ಸುತ್ತ ಬೆರಳು ತೂರುವಷ್ಟು ಸಂದಿ. ಕೇಳಿದರೆ "ಆಂಪ್ಲಿಫೈಯರ್, ಅದೇ ಆಂಪ್ ಹಾಕಿಸಿ ಸರ್, ಬೇಸ್ ಬರುತ್ತೆ" ಅಂತಾರೆ. ನನಗೆ ನಂಬಿಕೆ ಬರುತ್ತಿಲ್ಲ. ಸ್ಪೀಕರ್ ಅಡಿಗೆ ಕೂರುವ ಹಾಗೆ ಅಳತೆಗೆ ಸರಿಯಾಗಿ ರಿಂಗ್ ಮಾಡಿಸೋಣ ಅಂದುಕೊಂಡಿದ್ದೇನೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕಾ, ಬೇರೆ ಏನಾದರೂ ಬೇಕಾ?

ಹುಬ್ಬಳ್ಳಿ_ವೂಫರ್
ಸರ್, ನಿಮ್ಮ ಸ್ಪೀಕರಿಂದೇನೂ ತಪ್ಪಿಲ್ಲ. ಆ ಸಂದ್ಯಾಗ ನಿಮ್ಮ ಬೇಸ್ ಸತ್ತು ಹೊಂಟೈತಿ. ಸ್ಪೀಕರಿನ ಕೋನ್, ಅಂದ್ರ ನಡುವ ಆಡೋ ಪರದಿ, ಮುಂದ ಬಂದಾಗ ಮುಂದಿನ ಗಾಳಿ ಒತ್ತತೈತಿ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲ ಆಗತೈತಿ. ಎರಡೂ ಒಂದಕ್ಕೊಂದು ಉಲ್ಟಾ. ನಡುವ ದಾರಿ ಸಿಕ್ಕರ ಎರಡೂ ಕೂಡಿ ಸೊನ್ನಿ. 80 ಹರ್ಟ್ಜ್ ಅಂದ್ರ ಅಲೆ ನಾಕ್ ಮೀಟರ್‌ಕಿಂತ ಉದ್ದ. ಆ ಸಂದಿ ಸುತ್ತಿ ಬರೋ ದಾರಿ ಅದಕ್ಕ ಲೆಕ್ಕಕ್ಕ ಇಲ್ಲ, ಹಿಂದಿಂದು ಮುಂದಿಂದು ಅಲ್ಲೇ ಕೂಡಿಬಿಡತಾವ. ಟ್ವೀಟರಿನ ದನಿಯ ಅಲೆ ಒಂದೆರಡು ಇಂಚು, ಅದರ ಹಿಂಬದಿನೂ ಬಂದ್ ಇರತೈತಿ, ಹಂಗಾಗಿ ಅದಕ್ಕ ಏನೂ ಆಗಿಲ್ಲ.

ಸಂಶಯ ಇದ್ರ ಒಂದು ದಪ್ಪ ಟವೆಲ್ ಸುರುಳಿ ಸುತ್ತಿ ಆ ಸಂದಿಗೆ ಸುತ್ತಲೂ ತುರುಕ್ರಿ. ಬ್ಯಾಲೆನ್ಸ್ ಪೂರಾ ಆ ಬಾಗಲಕ್ಕ ತಿರುಗಿಸಿ ಡೊಳ್ಳಿನ ಹಾಡು ಹಚ್ರಿ. ಆಮ್ಯಾಲೆ ಆಂಪಿನ ಮಾತು.

ಪಡುಬಿದ್ರಿ_ಪಯಣ
ಎಂಡಿಎಫ್ ಬೇಡ ಮಾರಾಯ್ರೆ. ನಿಮ್ಮದು ಸಕಲೇಶಪುರ, ನಮ್ಮದು ಕರಾವಳಿ, ಮಳೆಯ ಕಥೆ ಎರಡು ಕಡೆಯೂ ಒಂದೇ. ಬಾಗಿಲೊಳಗೆ ನೀರು ಬರುವುದಿಲ್ಲ ಅಂತ ಸುಮಾರು ಜನ ತಿಳಿದಿದ್ದಾರೆ. ಗ್ಲಾಸಿನ ಮೇಲೆ ಬಿದ್ದ ನೀರು ಆ ರಬ್ಬರ್ ಪಟ್ಟಿ ದಾಟಿ ಒಳಗೆ ಇಳಿದೇ ಇಳಿಯುತ್ತದೆ. ಅದಕ್ಕೇ ಬಾಗಿಲಿನ ಅಡಿಯಲ್ಲಿ ನೀರು ಹೋಗಲಿಕ್ಕೆ ತೂತು ಬಿಟ್ಟದ್ದು, ಅದಕ್ಕೇ ಒಳಗೆ ಆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು. ಇಲ್ಲಿ ಗ್ಯಾರೇಜಿನಲ್ಲಿ ಮಳೆಗಾಲ ಕಳೆದ ಮೇಲೆ ಬಿಚ್ಚಿದ ಎಂಡಿಎಫ್ ರಿಂಗ್ ನೋಡಬೇಕು ನೀವು. ಕೆಳಗಿನ ಅರ್ಧ ಉಬ್ಬಿ ಪದರ ಪದರ ಆಗಿರುತ್ತದೆ, ಸ್ಕ್ರೂ ಇದ್ದ ಜಾಗದಲ್ಲಿ ಬರೀ ಹುಡಿ. ಕೈಯಲ್ಲೇ ಸ್ಕ್ರೂ ಎಳೆಯಬಹುದು.

ಪ್ಲೈವುಡ್ ಆದರೆ 710 ಕೇಳಿ, ಐಎಸ್ 710, ನೀರು ತಡೆಯುವ ಮರೈನ್ ಪ್ಲೈಯ ಗುರುತು ಅದು. ಬರೀ "ವಾಟರ್‌ಪ್ರೂಫ್" ಅಂತ ಹೇಳಿ ಕೊಡುವುದು ಹೆಚ್ಚಾಗಿ 303, ಸಾಮಾನ್ಯ ಬಳಕೆಯದ್ದು, ಇರುತ್ತದೆ. ಹಾಳೆಯ ಮೇಲೆ ಛಾಪು ಇರುತ್ತದೆ, ಓದಿ ತೆಗೆದುಕೊಳ್ಳಿ. ಇಡೀ ಶೀಟು ಬೇಡ, ಅಡುಗೆಮನೆ ಕಪಾಟು ಮಾಡುವ ಕಡೆ ತುಂಡು ಬಿದ್ದಿರುತ್ತದೆ, ಕೇಳಿದರೆ ಕೊಡುತ್ತಾರೆ.

ಜೆಸಿ_ರೋಡ್_ಜಾಣ
ಯಾಕ್ ಗುರು ಇಷ್ಟೊಂದು ತಲೆಬಿಸಿ? ಬೆಂಗಳೂರಿನ ಜೆ.ಸಿ. ರೋಡಲ್ಲಿ ರೆಡಿಮೇಡ್ ರಿಂಗ್ ಸಿಗುತ್ತೆ, ಪ್ಲಾಸ್ಟಿಕ್ದು, ಗಾಡಿ ಹೆಸರು ಹೇಳಿದ್ರೆ ಸಾಕು. ಇನ್ನು ಎಂಡಿಎಫ್ ಬಗ್ಗೆ ಸುಮ್ಮನೆ ಹೆದರಿಸಬೇಡಿ. ಒಳಗೆ ಟೊಳ್ಳಿಲ್ಲ, ಎಲ್ಲ ಕಡೆ ಒಂದೇ ಸಾಂದ್ರತೆ, ಮರ ಕೊರೆಯೋ ರೂಟರ್ ಮೆಷಿನ್ ಹಿಡಿದ್ರೆ ಬೆಣ್ಣೆ ಕಟ್ಟಿಂಗ್. ಮನೇಲಿರೋ ಸ್ಪೀಕರ್ ಬಾಕ್ಸ್ ಎಲ್ಲ ಅದರದ್ದೇ. ಎರಡು ಕೋಟ್ ಪ್ರೈಮರ್ ಹೊಡೆದ್ರೆ ಬೆಂಗಳೂರಲ್ಲಿ ಏನೂ ಆಗಲ್ಲ.

ಪಡುಬಿದ್ರಿ_ಪಯಣ
ಮನೆಯ ಬಾಕ್ಸ್ ಒಳಗೆ ಮಳೆ ಬರುವುದಿಲ್ಲ ಅಲ್ವಾ! ಪ್ರೈಮರ್ ಹೊಡೆದ ಮೇಲೆ ಸ್ಕ್ರೂ ಹಾಕುತ್ತೀರಿ. ಆ ತೂತಿನ ಒಳಗೆ ಪ್ರೈಮರ್ ಉಂಟಾ? ನೀರು ಹೋಗುವುದೇ ಅಲ್ಲಿಂದ.

ಅಳತೆಗಾರ (ಬೆಂಗಳೂರು)
ಇಬ್ಬರ ಮಾತಲ್ಲೂ ನಿಜ ಇದೆ. ತೂತು ಮೊದಲೇ ಕೊರೆದು, ಒಳಗೆಲ್ಲ ಎಪಾಕ್ಸಿ ಕುಡಿಸಿ, ಆಮೇಲೆ ಜೋಡಿಸಿದರೆ ಎಂಡಿಎಫ್ ಕೂಡ ಬಹಳ ವರ್ಷ ಬಾಳುತ್ತೆ. ಆದರೆ ಅಷ್ಟು ಶ್ರಮಪಡುವವರು ಪ್ಲೈನಲ್ಲೇ ಪಡಬಹುದು. ರೆಡಿಮೇಡ್ ಪ್ಲಾಸ್ಟಿಕ್ ರಿಂಗ್ ವಿಚಾರಕ್ಕೆ ಬಂದರೆ, ಕೈಯಲ್ಲಿ ಹಿಡಿದು ತಿರುಚಿ ನೋಡಿ. ಬಗ್ಗಿದರೆ ಬೇಡ. ಕೋನ್ ಹಿಂದೆ ಮುಂದೆ ಆಡುವಾಗ ರಿಂಗೂ ಜೊತೆಗೆ ಆಡಿದರೆ ಅಷ್ಟು ಶಕ್ತಿ ವ್ಯರ್ಥ.

ಘಾಟ್_ಸ್ವಿಫ್ಟ್ ಅವರೇ, ಏನು ಕೊಳ್ಳುವುದಕ್ಕೂ ಮುಂಚೆ ಮೂರು ಅಳತೆ ಬೇಕು. ಗ್ಲಾಸ್ ಪೂರ್ತಿ ಕೆಳಗೆ ಇಳಿಸಿ, ಬಾಗಿಲಿನ ತಗಡಿನಿಂದ ಗ್ಲಾಸಿಗೆ ಎಷ್ಟು? ಸ್ಪೀಕರಿನ ಅಂಚಿನ ಕೆಳಮೈಯಿಂದ ಮ್ಯಾಗ್ನೆಟ್ಟಿನ ಬೆನ್ನಿಗೆ ಎಷ್ಟು? ತಗಡಿನಿಂದ ಡೋರ್ ಪ್ಯಾಡ್ ಜಾಲರಿಯ ಒಳಮೈಗೆ ಎಷ್ಟು? ಮೂರನೆಯದನ್ನೇ ಎಲ್ಲರೂ ಮರೆಯೋದು. ಆಮೇಲೆ ಪ್ಯಾಡ್ ಕೂರಲ್ಲ ಅಂತ ಗುದ್ದಿ ಕ್ಲಿಪ್ ಮುರಿಯುತ್ತಾರೆ.

ಘಾಟ್_ಸ್ವಿಫ್ಟ್
ಟವೆಲ್ ಪ್ರಯೋಗ ಮಾಡಿದೆ ಹುಬ್ಬಳ್ಳಿ ಸರ್. ನಂಬಲಿಕ್ಕೇ ಆಗಲಿಲ್ಲ, ಡಗ್ಗ ವಾಪಸ್ ಬಂತು! ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು "ಹಂಗಾದ್ರೆ ಟವೆಲ್ಲೇ ಬಿಟ್ಟುಬಿಡಿ, ಖರ್ಚು ಉಳೀತು" ಅಂದರು.

ಅಳತೆ: ಗ್ಲಾಸಿಗೆ 56 ಮಿಮೀ. ಸ್ಪೀಕರ್ ಆಳ 65. ಜಾಲರಿಗೆ 40. ಸ್ಪೀಕರ್ ಹೊರವ್ಯಾಸ 165, ಕೂರಿಸುವ ತೂತು 142 ಅಂತ ಡಬ್ಬದ ಮೇಲಿದೆ.

ಅಳತೆಗಾರ
ಒಳ್ಳೆಯದು. 65ರಲ್ಲಿ 56 ಕಳೆದರೆ 9. ಅಷ್ಟು ಎತ್ತಿದರೆ ಮ್ಯಾಗ್ನೆಟ್ ಗ್ಲಾಸಿಗೆ ಮುತ್ತಿಡುತ್ತೆ, ಆದ್ದರಿಂದ ಇನ್ನೊಂದು ಐದಾರು ಮಿಮೀ ಬೇಕು. ಗಾಡಿ ರಸ್ತೆ ಗುಂಡಿಗೆ ಇಳಿದಾಗ ಗ್ಲಾಸ್ ಸ್ವಲ್ಪ ಒಳಗೆ ಹೊರಗೆ ಆಡುತ್ತೆ. ಹಾಗಾಗಿ 18 ಮಿಮೀ ಪ್ಲೈ. ಅದರ ಅಡಿಯ ಫೋಮ್ ಬಿಗಿದ ಮೇಲೆ ಎರಡು ಮಿಮೀ ಉಳಿಯುತ್ತೆ ಅಂದುಕೊಳ್ಳಿ, ಒಟ್ಟು 20. ಮ್ಯಾಗ್ನೆಟ್ ಒಳಗೆ ಹೋಗುವುದು 45, ಗ್ಲಾಸಿಗೆ 11 ಬಾಕಿ. ಮುಂದಿನ ಕಡೆ: 20ರ ಮೇಲೆ ಸ್ಪೀಕರಿನ ಅಂಚು ಸುಮಾರು 6, ಕೋನಿನ ಸುತ್ತಲ ರಬ್ಬರ್ ಉಬ್ಬಿ ಆಡೋದಕ್ಕೆ ಇನ್ನೊಂದು 6. 32 ಆಯ್ತು, ಜಾಲರಿಗೆ 8 ಉಳೀತು. ಆ 8ನ್ನು ಖಾಲಿ ಬಿಡಬೇಡಿ, ಅದಕ್ಕೆ ಮುಂದೆ ಬರ್ತೀನಿ.

ಲೆಕ್ಕ ನಂಬಬೇಡಿ, ಗ್ಲಾಸನ್ನೇ ಕೇಳಿ. ಮ್ಯಾಗ್ನೆಟ್ಟಿನ ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಚಪಾತಿ ಹಿಟ್ಟಿನ ಉಂಡೆ ಎರಡು ಮೂರು ಕಡೆ ಅಂಟಿಸಿ. ಸ್ಪೀಕರನ್ನು ರಿಂಗಿನ ಎತ್ತರಕ್ಕೆ ಹಿಡಿದುಕೊಂಡು ಗ್ಲಾಸ್ ಮೆಲ್ಲಗೆ ಪೂರ್ತಿ ಇಳಿಸಿ, ಏರಿಸಿ. ಹೊರತೆಗೆದು ನೋಡಿದರೆ ಚಪ್ಪಟೆಯಾದ ಹಿಟ್ಟು ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ನಿಜವಾದ ಸಂದು. ಗ್ಲಾಸ್ ಎತ್ತುವ ರೆಗ್ಯುಲೇಟರಿನ ತೋಳು ಹಾದುಹೋಗುವ ಜಾಗವೂ ಇದರಲ್ಲೇ ಗೊತ್ತಾಗುತ್ತೆ.

ಆಕಾರಕ್ಕೆ ಹಳೇ ಲಗ್ನಪತ್ರಿಕೆಯ ರಟ್ಟು ಬೇಕಾದಷ್ಟಾಯಿತು. ಬಾಗಿಲಿನ ತೂತಿನ ಮೇಲೆ ಬಿಳಿ ಹಾಳೆ ಟೇಪ್ ಮಾಡಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ತಗಡಿನ ಅಂಚು, ಸ್ಕ್ರೂ ತೂತು, ಉಬ್ಬು ಎಲ್ಲ ಮೂಡುತ್ತೆ. ಅದನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ, ಬಾಗಿಲಿಗೆ ಹಿಡಿದು ನೋಡಿ, ಸರಿಹೋದ ಮೇಲೆ ಮರ. ತಗಡಿನ ತೂತು ಪೂರ್ತಿ ದುಂಡಗೆ ಇಲ್ಲದಿದ್ದರೆ ತಲೆಕೆಡಿಸಿಕೊಳ್ಳಬೇಡಿ, ರಿಂಗಿನ ಹೊರ ಅಂಚು ಬಾಗಿಲಿನ ಆಕಾರ ಹಿಡಿಯಲಿ, ಒಳ ಅಂಚು ಸ್ಪೀಕರಿನದು. 165ಕ್ಕೇ ಹೊರಗೆ ಕತ್ತರಿಸಿದರೆ ಗೋಡೆ ಹನ್ನೊಂದೂವರೆ ಮಿಮೀ ಮಾತ್ರ ಉಳಿಯುತ್ತೆ, ಸ್ಕ್ರೂ ಹೊಡೆದಾಗ ಸೀಳುತ್ತೆ. ಜಾಗ ಇದ್ದ ಕಡೆ 190ರವರೆಗೆ ಹೋಗಿ.

ಇನ್ನೊಂದು ವಿಷಯ, ಇದನ್ನು ಅಂಗಡಿಗಳಲ್ಲಿ ಮಾಡೋದು ನಾನು ಕಂಡಿದ್ದು ಅಪರೂಪ. ರಿಂಗಿನ ಒಳ ಅಂಚನ್ನು ಹಿಂಬದಿಯಲ್ಲಿ 45 ಡಿಗ್ರಿಗೆ ಓರೆ ಹೊಡೆಸಿ. 18 ಮಿಮೀ ದಪ್ಪದ ಕೊಳವೆಯೊಳಗೆ ಸ್ಪೀಕರಿನ ಬೆನ್ನು ಕೂತರೆ ಕೋನಿನ ಹಿಂದಿನ ಗಾಳಿಗೆ ದಾರಿ ಇಕ್ಕಟ್ಟು. ಓರೆ ಹೊಡೆದರೆ ಮಧ್ಯದ ದನಿ ಬಿಚ್ಚಿಕೊಳ್ಳುತ್ತೆ. ಸ್ಕ್ರೂ ಬರುವ ಜಾಗದಲ್ಲಿ ಮಾತ್ರ ಓರೆ ಬೇಡ.

ಪದರ_ಪದರ (ಮೈಸೂರು)
3ಡಿ ಪ್ರಿಂಟ್ ಬಗ್ಗೆ ಯಾರೂ ಹೇಳಲಿಲ್ಲ! ನಾನು ನಮ್ಮ ಮನೆಯವರ ಗಾಡಿಗೆ ಪ್ರಿಂಟ್ ಮಾಡಿಯೇ ಹಾಕಿದ್ದು. ಒಂದೇ ಎಚ್ಚರಿಕೆ, ಪ್ರಿಂಟಿಗೆ ಬಳಸೋ ಪ್ಲಾಸ್ಟಿಕ್ಕುಗಳಲ್ಲಿ ಪಿಎಲ್‌ಎ ಬೇಡವೇ ಬೇಡ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ಗಾಡಿ ಮುಚ್ಚಿಟ್ಟು ನಿಲ್ಲಿಸಿದರೆ ಒಳಗಿನ ಬಿಸಿ ಅಲ್ಲಿಗೆ ಮುಟ್ಟುತ್ತೆ. ರಿಂಗ್ ಮುರಿಯಲ್ಲ, ಸ್ಕ್ರೂ ಬಿಗಿದ ಜಾಗದಲ್ಲಿ ನಿಧಾನಕ್ಕೆ ಕುಸಿಯುತ್ತೆ. ಪಿಇಟಿಜಿ ಆದರೆ 80, ಎಬಿಎಸ್ ಅಥವಾ ಎಎಸ್‌ಎ ಆದರೆ 100ರ ಆಸುಪಾಸು. ಎಎಸ್‌ಎ ಒಳ್ಳೆಯದು, ಆದರೆ ಪ್ರಿಂಟ್ ಮಾಡುವಾಗ ಮೂಲೆ ಎದ್ದುಬರುತ್ತೆ, ಮುಚ್ಚಿದ ಪ್ರಿಂಟರ್ ಇದ್ದರೆ ಮಾತ್ರ ಕೈ ಹಾಕಿ. ಒಳಗೆ ಟೊಳ್ಳು ಬಿಡದೆ ಗೋಡೆ ಪದರ ಜಾಸ್ತಿ ಕೊಡಿ.

ಜೆಸಿ_ರೋಡ್_ಜಾಣ
ಮೇಡಂ, ಅದೆಲ್ಲ ಹೊಂದಿಸೋಷ್ಟರಲ್ಲಿ ಕಂಪ್ಯೂಟರ್ ನಡೆಸೋ ಸಿಎನ್‌ಸಿಯಲ್ಲಿ ಕತ್ತರಿಸಿ ಕೊಡ್ತಾರೆ. ಬೋರ್ಡ್ ಬರೆಯೋ ಅಂಗಡಿಗೆ ಹೋಗಿ. 2024ರಲ್ಲಿ ಬೋರ್ಡಲ್ಲಿ ಶೇ. 60 ಕನ್ನಡ ಇರಲೇಬೇಕು ಅಂತ ಕಾಯ್ದೆ ತಿದ್ದುಪಡಿ ಬಂದಾಗ ಆ ಮೆಷಿನ್‌ಗಳಿಗೆ ಪುರುಸೊತ್ತೇ ಇರಲಿಲ್ಲ, ಈಗ ಸುಮ್ಮನೆ ಕೂತಿರ್ತವೆ. ಕನ್ನಡದಿಂದ ಸ್ಪೀಕರಿಗೂ ಉಪಕಾರ ಆಯ್ತಲ್ಲ.

ಪದರ_ಪದರ
ಕತ್ತರಿಸೋದು ಸರಿ, ಏನನ್ನ ಕತ್ತರಿಸೋದು? ಅವರ ಬಳಿ ಇರೋದು ಆಕ್ರಿಲಿಕ್ ಮತ್ತು ಪಿವಿಸಿ ಫೋಮ್ ಬೋರ್ಡ್. ಆಕ್ರಿಲಿಕ್ ಸ್ಕ್ರೂ ಹತ್ತಿರ ಬಿರುಕು ಬಿಡುತ್ತೆ. ಫೋಮ್ ಬೋರ್ಡಿಗೆ ನೀರಿನ ಭಯ ಇಲ್ಲ, ಆದರೆ ಸ್ಕ್ರೂ ಹಿಡಿತ ಸಾಲದು, ಆರುಪಾರು ಬೋಲ್ಟ್ ಹಾಕಿ ನಟ್ ಬಿಗಿಯಬೇಕು.

ಪಡುಬಿದ್ರಿ_ಪಯಣ
ನಮ್ಮಲ್ಲಿ ಕೆಲವರು ಎಚ್‌ಡಿಪಿಇ ಹಾಕುತ್ತಾರೆ. ಮಾಂಸದ ಅಂಗಡಿಯಲ್ಲಿ ಕೊಚ್ಚುವ ಬಿಳಿ ಹಲಗೆ ಉಂಟಲ್ಲ, ಅದೇ. ನೀರು ಒಂದು ತೊಟ್ಟು ಹೀರುವುದಿಲ್ಲ, ಜಿಗ್‌ಸಾದಲ್ಲಿ ಕತ್ತರಿಸಬಹುದು, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ಒಂದೇ ತಕರಾರು, ಅದಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಫೋಮ್ ಅಂಟಿಸಿದರೆ ಎದ್ದು ಬರುತ್ತದೆ, ರಿಂಗಿನ ನಡುವೆ ಒತ್ತಿ ಹಿಡಿದು ಬಿಗಿಯಬೇಕಷ್ಟೆ. ಜಿಗ್‌ಸಾ ವೇಗ ಕಡಿಮೆ ಇಡಿ, ಇಲ್ಲದಿದ್ದರೆ ಕತ್ತರಿಸಿದ್ದು ಹಿಂದೆಯೇ ಕರಗಿ ಅಂಟಿಕೊಳ್ಳುತ್ತದೆ.

ಸ್ಟುಟ್‌ಗಾರ್ಟ್_ಶಾಮಿಯಾನ
ದೂರದಿಂದ ಒಂದು ಮಾತು. ಈ ಸ್ವಿಫ್ಟಿಗೆ ಅನ್ವಯ ಆಗಲ್ಲ, ಅದರಲ್ಲಿ ಪಕ್ಕದ ಏರ್‌ಬ್ಯಾಗ್ ಇಲ್ಲ. ಆದರೆ ಈ ಚರ್ಚೆ ಓದಿ ಬೇರೆ ಹೊಸ ಗಾಡಿಯ ಬಾಗಿಲಿಗೆ ಕೈ ಹಾಕುವವರು ಗಮನಿಸಿ. ಕೆಲವು ಕಾರುಗಳಲ್ಲಿ ಪಕ್ಕದಿಂದ ಡಿಕ್ಕಿಯಾದದ್ದನ್ನು ತಿಳಿಯಲು ಬಾಗಿಲಿನ ಒಳಗೆ ಗಾಳಿ ಒತ್ತಡದ ಸೆನ್ಸರ್ ಇರುತ್ತೆ. ತಗಡು ಒಳಗೆ ಬಗ್ಗಿದಾಗ ಬಾಗಿಲೊಳಗಿನ ಒತ್ತಡ ಥಟ್ಟನೆ ಏರುವುದೇ ಅದಕ್ಕೆ ಸಂಕೇತ. ಅಂಥ ಬಾಗಿಲಲ್ಲಿ ಸ್ಪೀಕರ್ ತೂತು ತೆರೆದು ಬಿಡುವುದು, ಹೊಸ ತೂತು ಕೊರೆಯುವುದು, ಒಳಗಿನ ಮುಚ್ಚಳ ಕಿತ್ತುಹಾಕುವುದು ಆಟದ ವಿಷಯ ಅಲ್ಲ. ಪಕ್ಕದ ಏರ್‌ಬ್ಯಾಗ್ ಇರುವ ಗಾಡಿಯಾದರೆ ಸೆನ್ಸರ್ ಎಲ್ಲಿದೆ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿಯೇ ಮುಂದುವರಿಯಿರಿ.

ಘಾಟ್_ಸ್ವಿಫ್ಟ್
ಕೆಲಸ ಆಯ್ತು. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

710 ಪ್ಲೈ ತುಂಡು ನಮ್ಮೂರಿನ ಆಚಾರ್ರ ಹತ್ತಿರವೇ ಸಿಕ್ಕಿತು. ರಟ್ಟಿನ ಅಳತೆ ಕೊಟ್ಟಾಗ "ಇದೇನ್ ಸ್ವಾಮಿ, ಬಿಂದಿಗೆ ಇಡೋ ಸಿಂಬಿನಾ?" ಅಂತ ನಕ್ಕರು. ಆದರೆ ಕೆಲಸ ಮಾತ್ರ ಬಂಗಾರ. ರೂಟರಿಗೆ ಒಂದು ಹಲಗೆ ಪಟ್ಟಿ ಸಿಕ್ಕಿಸಿ, ಪಟ್ಟಿಯ ಆ ತುದಿಗೆ ಮೊಳೆ ಹೊಡೆದು, ಮೊಳೆಯ ಸುತ್ತ ತಿರುಗಿಸುತ್ತಾ ಒಳಗಿನ ವೃತ್ತ ಕತ್ತರಿಸಿದರು. ಒಂದೇ ಸಲಕ್ಕೆ ಆಳ ಹೋಗಲಿಲ್ಲ, ಸುತ್ತು ಸುತ್ತಿಗೂ ಮೂರು ನಾಲ್ಕು ಮಿಮೀ ಇಳಿಸುತ್ತಾ ಹೋದರು. ಹೊರಗಿನ ಆಕಾರಕ್ಕೆ ಜಿಗ್‌ಸಾ. ಕತ್ತರಿಸಿದ ಅಂಚಿನಲ್ಲಿ ಒಂದು ಕಡೆ ಪದರಗಳ ನಡುವೆ ಸಣ್ಣ ಟೊಳ್ಳು ಕಾಣಿಸಿತು, ಮರದ ಪುಡಿ ಮತ್ತು ಎಪಾಕ್ಸಿ ಕಲಸಿ ತುಂಬಿದರು. ಹಿಂಬದಿಯ ಓರೆಯನ್ನೂ ಹೊಡೆದರು. ಸ್ಕ್ರೂ ತೂತುಗಳನ್ನು ಸಣ್ಣ ಬಿಟ್‌ನಲ್ಲಿ ಮೊದಲೇ ಕೊರೆದು, ಕಡ್ಡಿಯಲ್ಲಿ ಅದ್ದಿ ಅದ್ದಿ ತೂತಿನ ಒಳಗೂ ಎಪಾಕ್ಸಿ ಬಿಟ್ಟೆ. ಅಂಚಿಗೆ ಹಚ್ಚಿದ ಮೊದಲ ಕೋಟನ್ನು ಪ್ಲೈ ಕುಡಿದೇಬಿಟ್ಟಿತು, ಎಮರಿ ಪೇಪರ್ ಉಜ್ಜಿ ಇನ್ನೊಂದು ಕೊಟ್ಟ ಮೇಲೆ ಹೊಳಪು ನಿಂತಿತು.

ಬಾಗಿಲಿನ ತಗಡಿನಲ್ಲಿ ಕಂಪನಿಯ ತೂತುಗಳನ್ನೇ ಬಳಸಿದೆ. ಒಂದು ಮಾತ್ರ ಹೊಸದು ಬೇಕಾಯಿತು, ಅದಕ್ಕೆ ರೆಡ್ ಆಕ್ಸೈಡ್ ಹಚ್ಚಿ ಒಣಗಿಸಿದೆ. ಕೊರೆದಾಗ ಬಿದ್ದ ಕಬ್ಬಿಣದ ಚೂರುಗಳನ್ನು ತೆಗೆಯಲು ಹಳೇ ಸ್ಪೀಕರಿನ ಮ್ಯಾಗ್ನೆಟ್ಟಿಗೇ ಬಟ್ಟೆ ಸುತ್ತಿ ಒಳಗೆಲ್ಲ ಆಡಿಸಿದೆ. ಬಟ್ಟೆ ಬಿಚ್ಚಿ ಕೊಡವಿದರೆ ಮುಗೀತು. ಅವು ಹೊಸ ಸ್ಪೀಕರಿನ ಕೋನ್ ಹತ್ತಿರ ಹೋಗಿ ಅಂಟಿದ್ದರೆ ಕರಕರ ಸದ್ದು ಖಾಯಂ.

ರಿಂಗಿನ ಅಡಿಗೆ ನೀರು ಹೀರದ ಕ್ಲೋಸ್ಡ್ ಸೆಲ್ ಫೋಮ್, ರಿಂಗಿಗೂ ಸ್ಪೀಕರಿಗೂ ನಡುವೆ ತೆಳು ಫೋಮ್. ಸ್ಪೀಕರಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಗ್ಲಾಸ್ ಸಲೀಸಾಗಿ ಇಳಿಯುತ್ತೆ. ಬೇಸ್ ಬಂತು, ಅದೂ ಆಂಪ್ ಇಲ್ಲದೆ. ಆದರೆ ಪ್ಯಾಡಿನ ಗರ್ರ್ ಇನ್ನೂ ಸ್ವಲ್ಪ ಉಳಿದಿದೆ.

ಅಳತೆಗಾರ
ಭೇಷ್. ಉಳಿದ ಗರ್ರಿಗೆ ಆ 8 ಮಿಮೀ ಕಾರಣ. ಅದು ಉಬ್ಬಿದ ರಬ್ಬರಿನಿಂದ ಅಳೆದದ್ದು, ಸ್ಪೀಕರಿನ ಅಂಚಿನಿಂದಾದರೆ 14. ಸ್ಪೀಕರಿಗೂ ಜಾಲರಿಗೂ ನಡುವಿನ ಸಂದಿಯಿಂದ ದನಿ ಪ್ಯಾಡಿನ ಹಿಂದಕ್ಕೆ ನುಗ್ಗುತ್ತೆ, ಪ್ಯಾಡನ್ನೇ ಕುಣಿಸುತ್ತೆ. ಹದಿನೆಂಟು ಇಪ್ಪತ್ತು ಮಿಮೀ ದಪ್ಪದ ಮೆತ್ತನೆ ಫೋಮ್ ಪಟ್ಟಿಯನ್ನು ಸ್ಪೀಕರಿನ ಅಂಚಿನ ಮೇಲೆ ಬಳೆಯಂತೆ ಅಂಟಿಸಿ, ಪ್ಯಾಡ್ ಹಾಕಿದಾಗ ಒತ್ತಿಕೊಂಡು ಕೂರಬೇಕು. ಕೋನಿನ ರಬ್ಬರಿಗೆ ಮಾತ್ರ ತಗಲದಿರಲಿ.

ಹುಬ್ಬಳ್ಳಿ_ವೂಫರ್
ಅದರ ಕೂಡ ಹೊರಗಿನ ತಗಡಿಗೆ, ಸ್ಪೀಕರಿನ ಬೆನ್ನಿಗೆ ಎದುರಾಗಿ, ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ತಡಿಯೋ ರಬ್ಬರ್ ಹಾಳಿ) ಹಚ್ರಿ. ಇಡೀ ಬಾಗಲಾ ಹೊದಿಸಬೇಕಂತಿಲ್ಲ. ತಗಡಿನ ಕಾಲು ಭಾಗ ಹಚ್ಚಿದ್ರೂ ಭಾಳ ಫರಕ ಬೀಳತೈತಿ. ಬೆರಳಲೆ ಬಡದು ನೋಡ್ರಿ, "ಟಣ್" ಅನ್ನೋದು "ದಪ್" ಅಂದ್ರ ಸಾಕು. ಸೋವಿ ಸಿಗತೈತಂತ ಡಾಂಬರಿನ ಶೀಟ್ ತರಬ್ಯಾಡ್ರಿ, ಬ್ಯಾಸಗಿ ಬಂತಂದ್ರ ನಾರತೈತಿ, ಜಾರತೈತಿ. ಮತ್ತ ಕೆಳಗ ನೀರು ಹೋಗೋ ತೂತು ಮುಚ್ಚಿದ್ರೆಂದ್ರ ಬಾಗಲಾ ತುಕ್ಕು ಹಿಡೀತು ಅಂತ ತಿಳೀರಿ.

ಪಡುಬಿದ್ರಿ_ಪಯಣ
ಸಂದಿ ಮುಚ್ಚಲಿಕ್ಕೆ ಸಿಲಿಕೋನ್ ಬಳಸುವವರು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಅಸಿಟಿಕ್, ಬರೀ ತಗಡಿಗೆ ತುಕ್ಕು ಹಿಡಿಸುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೇಳಿ ತನ್ನಿ. ಪ್ಲಾಸ್ಟಿಕ್ ಹಾಳೆಯನ್ನು ವಾಪಸ್ ಅಂಟಿಸಿದಿರಿ ಅಲ್ವಾ? ಹಾಳೆಯ ಕೆಳ ಅಂಚು ಬಾಗಿಲಿನ ಒಳಗೆ ಹೋಗಿರಬೇಕು, ಇಲ್ಲದಿದ್ದರೆ ನೀರು ಕಾಲ ಬುಡಕ್ಕೆ, ಕಾರ್ಪೆಟ್ಟಿಗೆ ಇಳಿಯುತ್ತದೆ.

ಜೆಸಿ_ರೋಡ್_ಜಾಣ
ಸರಿ ಬಿಡಿ, ರಿಂಗ್ ವಿಷಯದಲ್ಲಿ ಸೋತೆ. ಆದ್ರೆ ಆಂಪ್ ಬೇಡವೇ ಬೇಡ ಅನ್ನೋದು ಅತಿ ಆಯ್ತು.

ಹುಬ್ಬಳ್ಳಿ_ವೂಫರ್
ಬ್ಯಾಡ ಅಂದಿಲ್ಲರಿ, ಆಮ್ಯಾಲೆ ಅಂದೇನಿ. ಸ್ಟೀರಿಯೋ ಡಬ್ಬಿ ಮ್ಯಾಲೆ "50 ವ್ಯಾಟ್ × 4" ಅಂತ ಬರದಿರತಾರಲ್ಲ, ಲೆಕ್ಕ ಹಾಕ್ರಿ. ಇಂಜಿನ್ ಓಡುವಾಗ 14.4 ವೋಲ್ಟ್, ಸ್ಪೀಕರ್ 4 ಓಮ್. 14.4ರ ವರ್ಗ ಭಾಗಿಸು 4, ಬಂತು 52. ಅದು ದನಿ ಪೂರ್ತಿ ಒಡದು ಚೌಕ ಆದಾಗಿನ ಲೆಕ್ಕ. ಸ್ವಚ್ಛ ದನಿಗೆ ಅದರ ಅರ್ಧ, 26. ಒಳಗಿನ ಸೋರಿಕೆ ಕಳದು ಕೈಗೆ ಸಿಗೋದು ಇಪ್ಪತ್ತರ ಆಜುಬಾಜು. ಆಂಪ್ ಹಾಕಿ ಅದನ್ನ ದುಪ್ಪಟ್ಟು ಮಾಡಿದ್ರ 3 ಡೆಸಿಬೆಲ್ ಏರತೈತಿ, ಅಷ್ಟ. ಸಂದಿ ಮುಚ್ಚಿದ್ರ ಬೇಸಿನ್ಯಾಗ ಅದಕ್ಕಿಂತ ಹೆಚ್ಚು ಸಿಗತೈತಿ.

ಸ್ಟೀರಿಯೋದಾಗ ಹೈಪಾಸ್ (ಅದಕ್ಕಿಂತ ಕೆಳಗಿನ ದನಿ ತಡಿಯೋ ಸೆಟ್ಟಿಂಗ್) ಇದ್ರ 80 ಹರ್ಟ್ಜ್‌ಕ್ಕ ಇಡ್ರಿ. ಆರೂವರೆ ಇಂಚಿಂದ 40 ಹರ್ಟ್ಜ್ ಹೊಡಸೋದು ಸ್ಪೀಕರಿಗೆ ಹಿಂಸೆ.

ಘಾಟ್_ಸ್ವಿಫ್ಟ್
ಫೋಮ್ ಬಳೆ ಹಾಕಿದೆ, ಗರ್ರ್ ನಿಂತಿತು. ಈಗ ಒಂದು ವಿಚಿತ್ರ. ಒಂದೊಂದು ಬಾಗಿಲನ್ನೇ ಕೇಳಿದರೆ ಬೇಸ್ ಭರ್ಜರಿ, ಎರಡೂ ಒಟ್ಟಿಗೆ ಹಾಕಿದರೆ ಕಡಿಮೆ. ಹೀಗೂ ಆಗುತ್ತಾ?

ಪದರ_ಪದರ
ಒಂದು ಕಡೆ ಪ್ಲಸ್ ಮೈನಸ್ ಅದಲು ಬದಲಾಗಿದೆ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು, ಸ್ಪೀಕರಿಗೆ ಹೋಗುವ ವೈರನ್ನು ಸ್ಟೀರಿಯೋ ಕಡೆ ಬಿಚ್ಚಿ, ಪ್ಲಸ್‌ಗೆ ಪ್ಲಸ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬರಬೇಕು. ಒಳಗೆ ಹೋದರೆ ಆ ಬಾಗಿಲಿನ ಕಪ್ಲರಿನಲ್ಲಿ ವೈರ್ ಬದಲಿಸಿ. ಸ್ಟೀರಿಯೋಗೆ ಸಿಕ್ಕಿಸಿದ ಹಾಗೇ ಸೆಲ್ ಮುಟ್ಟಿಸಬೇಡಿ.

ಘಾಟ್_ಸ್ವಿಫ್ಟ್
ಎಡ ಬಾಗಿಲು ಒಳಗೆ ಹೋಯ್ತು ಮೇಡಂ. ಬದಲಿಸಿದೆ. ಈಗ ಡೊಳ್ಳು ಡ್ಯಾಶ್‌ಬೋರ್ಡ್ ಮೇಲೇ ಬಾರಿಸಿದ ಹಾಗೆ ಎದುರಿಗೆ ನಿಂತಿದೆ.

ಪಡುಬಿದ್ರಿ_ಪಯಣ
ನನ್ನ ಅಣ್ಣನದ್ದೂ ಇದೇ ವರ್ಷದ ಸ್ವಿಫ್ಟ್. ನಿಮ್ಮ ರಟ್ಟಿನ ಅಳತೆಯ ಫೋಟೋ ಹಾಕಬಹುದಾ? ಹಿಂದಿನ ಬಾಗಿಲಿಗೂ ಅದೇ ಆಗುತ್ತದಾ?

ಘಾಟ್_ಸ್ವಿಫ್ಟ್
ಫೋಟೋ ಬೇಡ, ಫೋಟೋದಲ್ಲಿ ಅಳತೆ ಓರೆಯಾಗುತ್ತೆ. ಸ್ಕ್ಯಾನ್ ಮಾಡಿ ಹಾಕುತ್ತೇನೆ. ಪಕ್ಕದಲ್ಲಿ 100 ಮಿಮೀ ಗೆರೆ ಎಳೆದಿದ್ದೇನೆ, ಪ್ರಿಂಟ್ ತೆಗೆದ ಮೇಲೆ ಸ್ಕೇಲ್ ಇಟ್ಟು ನೋಡಿ, ಪ್ರಿಂಟರ್ ತಾನಾಗಿ ಕುಗ್ಗಿಸಿದ್ದರೆ ಅಲ್ಲೇ ಗೊತ್ತಾಗುತ್ತೆ. ಇದು ಎಡ ಬಾಗಿಲಿನದು, ಬಲಕ್ಕೆ ಹಾಳೆ ಮಗುಚಿ ಇಡಿ. ಹಿಂದಿನ ಬಾಗಿಲು ನಾನು ಬಿಚ್ಚಿಲ್ಲ. ಅಲ್ಲಿ ಬೇರೆಯಾಗಿಯೇ ಪೆನ್ಸಿಲ್ ಉಜ್ಜಿಕೊಳ್ಳಿ, ಗ್ಲಾಸಿನ ಅಳತೆಯನ್ನೂ ಹೊಸದಾಗಿ ತೆಗೆಯಿರಿ. ಅಣ್ಣನವರಿಗೆ ಚಪಾತಿ ಹಿಟ್ಟು ಸ್ವಲ್ಪ ಗಟ್ಟಿಯಾಗಿ ಕಲಸಲು ಹೇಳಿ, ಮೆತ್ತಗಿದ್ದರೆ ಗ್ಲಾಸಿಗೆ ಅಂಟಿಕೊಂಡು ಒಳಗೇ ಉಳಿಯುತ್ತೆ.